ಬಸವನಹುಳುವನ್ನೇ ತಿನ್ನುವ ಬಸವನಹುಳು

ಬಸವನಹುಳು ಎಂದೊಡನೆ ಎಲೆ, ಪಾಚಿಗಳನ್ನು ಮೆಲ್ಲುವ ಸಾಧು ಜೀವಿಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ 'ಅಸಾಸಿನ್ ಸ್ನೇಲ್' ಎಂಬ ಹೆಸರಿನಿಂದ ಮಾರಾಟವಾಗುವ ಸಿಹಿನೀರಿನ ಜಾತಿಯೊಂದು ತನ್ನ ಬಂಧುಗಳನ್ನೇ ಬೇಟೆಯಾಡಿ ಬದುಕುತ್ತದೆ.

'ಅನೆಂಟೋಮ್ ಹೆಲೆನಾ' ಎಂಬುದು ಇದಕ್ಕೆ ರೂಢಿಯಲ್ಲಿರುವ ಶಾಸ್ತ್ರೀಯ ನಾಮ. ಆಗ್ನೇಯ ಏಷ್ಯಾದ ನದಿ, ಸರೋವರಗಳು ಇದರ ತವರು. ಇದರ ಕುಟುಂಬದ ಬಹುತೇಕ ಸದಸ್ಯರು ಸಮುದ್ರವಾಸಿಗಳು. ಸಿಹಿನೀರಿಗೆ ಬಂದು ನೆಲೆಸಿದವು ಕೆಲವೇ. ಸುಮಾರು 2 ಸೆಂಟಿಮೀಟರ್ ಉದ್ದದ ಶಂಖಾಕೃತಿಯ ಚಿಪ್ಪಿನ ಮೇಲೆ ಹಳದಿ ಹಾಗೂ ಕಂದು ಪಟ್ಟೆಗಳಿರುತ್ತವೆ. ಮರಳಿನಲ್ಲಿ ಹುದುಗಿ ಕುಳಿತು, ನಳಿಕೆಯಂತಹ ಅಂಗದಿಂದ ನೀರನ್ನು ಸೆಳೆದು, ಅದರಲ್ಲಿನ ವಾಸನೆಯಿಂದಲೇ ಬೇಟೆಯ ಸುಳಿವು ಹಿಡಿಯುತ್ತದೆ. ನಂತರ ನೀಳವಾದ ಸೊಂಡಿಲನ್ನು ಎದುರಾಳಿಯ ಚಿಪ್ಪಿನೊಳಗೆ ತೂರಿಸಿ ಮಾಂಸವನ್ನು ತಿನ್ನುತ್ತದೆ.

ಜಲಸಸ್ಯಗಳೊಡನೆ ಬಂದು ಗಾಜಿನ ತೊಟ್ಟಿಯನ್ನೆಲ್ಲ ತುಂಬುವ ಸಣ್ಣ ಬಸವನಹುಳುಗಳ ನಿವಾರಣೆಗೆ ಇದಕ್ಕೆ ಬೇಡಿಕೆಯುಂಟು. ಸಣ್ಣ ಜಾತಿಗಳಲ್ಲಿ ಹಲವು ದ್ವಿಲಿಂಗಿಗಳಾಗಿದ್ದು ಗೊಂಚಲುಗಟ್ಟಲೆ ಮೊಟ್ಟೆಯಿಡುತ್ತವೆ. ಬೇಟೆಗಾರನಲ್ಲಾದರೋ ಗಂಡು, ಹೆಣ್ಣು ಬೇರೆ ಬೇರೆ. ಒಂದು ಕೋಶಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಆದಕಾರಣ ಇದರ ಸಂತತಿ ನಿಧಾನವಾಗಿ ಬೆಳೆಯುತ್ತದೆ.

ವರ್ತಕರು ಗಮನಿಸಬೇಕಾದ ಸಂಗತಿ ಬೇರೊಂದಿದೆ. 2017ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಈ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಜಾತಿಗಳಿವೆ ಎಂದು ತೋರಿಸಿತು. ಅಮೆರಿಕದ ಮಾರುಕಟ್ಟೆಯಲ್ಲಿ ಕೊಂಡ ಮಾದರಿಯೂ ಸಿಂಗಪುರದ ನೀರಿನಲ್ಲಿ ಹೊಸದಾಗಿ ಕಂಡುಬಂದ ಮಾದರಿಯೂ ಥಾಯ್ಲೆಂಡಿನ ಒಂದೇ ಜಾತಿಗೆ ಸೇರಿದ್ದವು. ಜಾವಾ ದ್ವೀಪದಿಂದ ಮೊದಲು ವರ್ಣಿತವಾದ ನಿಜವಾದ ಹೆಲೆನಾ ಅವುಗಳಲ್ಲಿ ಯಾವುದೂ ಆಗಿರಲಾರದೆಂಬುದು ಅಧ್ಯಯನದ ನಿಲುವು. ಲೇಬಲ್ ಒಂದು, ಸರಕು ಮತ್ತೊಂದು!

ತೊಟ್ಟಿಯಿಂದ ಹೊರಬಿದ್ದ ಬೇಟೆಗಾರ ಸ್ಥಳೀಯ ಜೀವಿಗಳಿಗೆ ಕಂಟಕವಾಗಬಹುದೆಂದು ಅದೇ ಅಧ್ಯಯನ ಎಚ್ಚರಿಸಿದೆ. ನೆಲದ ಮೇಲಿನ ಉದಾಹರಣೆ ಈಗಾಗಲೇ ಇದೆ. ಆಫ್ರಿಕದ ದೈತ್ಯ ಬಸವನಹುಳುವಿನ ಹತೋಟಿಗೆಂದು ಮಾಂಸಾಹಾರಿಯಾದ 'ಯೂಗ್ಲಾಂಡಿನಾ'ವನ್ನು 1955ರಲ್ಲಿ ಹವಾಯಿಗೂ 1977ರಲ್ಲಿ ಮೂರಿಯಾ ದ್ವೀಪಕ್ಕೂ ತರಲಾಯಿತು. ಅದು ದೈತ್ಯನನ್ನು ಮಣಿಸಲಿಲ್ಲ. ಬದಲಿಗೆ ಮೂರಿಯಾದ ಸ್ಥಳೀಯ 'ಪಾರ್ಟುಲಾ' ಜಾತಿಗಳು ಸುಮಾರು 10 ವರ್ಷಗಳಲ್ಲಿ ಕಾಡಿನಿಂದ ಕಣ್ಮರೆಯಾದವು.

ಇಂತಹ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ, ಯಾವ ಲಾಭದಿಂದಲೂ ಭರ್ತಿಯಾಗುವುದಿಲ್ಲ. ಮಾರುವವರು ಮೂಲವನ್ನು ವಿಚಾರಿಸಿ ತರಿಸುವುದು, ಬೇಡವಾದ ಜೀವಿಯನ್ನು ಕೆರೆಗೆ ಬಿಡದಂತೆ ಗ್ರಾಹಕರಿಗೆ ತಿಳಿಹೇಳುವುದು ವ್ಯಾಪಾರಧರ್ಮವೇ ಸರಿ.