ಮನೆಗೆ ಶಾಪವೇ, ವಿಷಾನಿಲವೇ?

ಹಳೇ ಬಂಗಲೆ, ರಾತ್ರಿ ಹೆಜ್ಜೆ ಸದ್ದು, ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯುವ ಮನೆಮಂದಿ. ಜಪಾನಿನ ಅನಿಮೆಗಳ ನಿಗೂಢ ಬಂಗಲೆ ಕಂತುಗಳಲ್ಲಿ ಇದಕ್ಕೆಲ್ಲ ಕೆಲವೊಮ್ಮೆ ಶಾಪವೇ ಕಾರಣ. ಇಂಥದ್ದೇ ಅನುಭವ ಅಮೆರಿಕದ ಒಂದು ಕುಟುಂಬಕ್ಕೆ ನಿಜವಾಗಿಯೂ ಆಗಿತ್ತು. ಕಾರಣ ಮಾತ್ರ ಬೇರೆ.

1912ರಲ್ಲಿ ಆ ಕುಟುಂಬ ಹಳೆಯ ದೊಡ್ಡ ಮನೆಯೊಂದಕ್ಕೆ ಬಂತು. ಆಮೇಲೆ ಮನೆಮಂದಿಗೆ ತಲೆನೋವು, ಸುಸ್ತು. ಮಕ್ಕಳು ಬಿಳಿಚಿಕೊಂಡರು, ಗಿಡಗಳು ಒಣಗಿದವು. ಯಾರೂ ಇಲ್ಲದ ಕಡೆ ಹೆಜ್ಜೆ ಸದ್ದು ಕೇಳಿಸಿತು; ರಾತ್ರಿ ಹಾಸಿಗೆಯ ಬಳಿ ಯಾರೋ ಇದ್ದಂತೆ ಕಂಡಿತು. ಕೊನೆಗೆ ಪರೀಕ್ಷಿಸಿದಾಗ, ಮನೆಯನ್ನು ಬೆಚ್ಚಗಿಡುವ ಒಲೆ ಕೆಟ್ಟಿರುವುದು ಗೊತ್ತಾಯಿತು. ಹೊಗೆ ಚಿಮಣಿಗೆ ಹೋಗದೆ ಮನೆಯೊಳಗೇ ತುಂಬುತ್ತಿತ್ತು. ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಈ ಪ್ರಕರಣವನ್ನು 1921ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಆ ಹೊಗೆಯಲ್ಲಿದ್ದ ವಿಷ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಿದುಳಿಗೆ ಆಮ್ಲಜನಕ ಸಾಲದೆ ಗೊಂದಲ, ಕೆಲವೊಮ್ಮೆ ಭ್ರಮೆ ಉಂಟಾಗುತ್ತದೆ.

ಹಾಗಂತ ಎಲ್ಲ ದೆವ್ವದ ಕಥೆಗಳಿಗೂ ಇದೇ ಕಾರಣವಲ್ಲ. ಆದರೆ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಈ ಅನಿಲವನ್ನು ಅನುಮಾನಿಸಿ. ತಕ್ಷಣ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಿ.

ನಮ್ಮ ಮನೆಗಳಲ್ಲಿ ಈ ಅಪಾಯ ಇರುವುದು ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಲ್ಲಿ, ಚಳಿಗೆಂದು ಮುಚ್ಚಿದ ಕೋಣೆಯಲ್ಲಿಟ್ಟ ಕೆಂಡದಲ್ಲಿ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ದೆವ್ವದ ವಿಡಿಯೊಗಿಂತ ಮೊದಲು ಇದನ್ನು ಫಾರ್ವರ್ಡ್ ಮಾಡಿ.