ಹೊಟ್ಟೆಗೆ ಕೋಡಿ ಇಲ್ಲ ಸ್ವಾಮಿ!

ಚಿತ್ರದುರ್ಗ: ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಹೊಟ್ಟೆಗೆ ಅಷ್ಟು ಕಾಯುವ ಸಹನೆ ಇಲ್ಲ. ಒಳಹರಿವು ಜಾಸ್ತಿ, ಹೊರಹರಿವು ಕಡಿಮೆ ಆದರೆ ನಾಲ್ಕೈದು ವರ್ಷಕ್ಕೇ ಭರ್ತಿ! ಕೆರೆಯಲ್ಲಾದರೆ ಹೆಚ್ಚಾದ ನೀರು ಕೋಡಿ ಹರಿದು ಹೋಗುತ್ತೆ. ಹೊಟ್ಟೆಗೆ ಕೋಡಿ ಎಲ್ಲಿದೆ? ಹೆಚ್ಚಾದದ್ದೆಲ್ಲ ಬೊಜ್ಜಾಗಿ ಅಲ್ಲೇ ಠಿಕಾಣಿ ಹೂಡುತ್ತೆ.

'ಹೊಟ್ಟೆ ಬಂತು ಅಂದ್ರೆ ದುಡ್ಡು ಬಂತು' ಅನ್ನೋ ಕಾಲ ಹೋಯಿತು. ಈಗ ಹೊಟ್ಟೆಯ ಹಿಂದೆಯೇ ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು ಬರುತ್ತವೆ. ದುಡ್ಡು ಔಷಧಿ ಅಂಗಡಿಗೆ ಹೋಗುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮೀರಿದ ಗಂಡಸರು 2015-16ರಲ್ಲಿ ನೂರಕ್ಕೆ 22 ಇದ್ದರು. 2019-21ರ ಸಮೀಕ್ಷೆಯಲ್ಲಿ ಸುಮಾರು 31. ಹೆಂಗಸರು 23ರಿಂದ 30ಕ್ಕೆ ಏರಿದರು.

ಗಲ್ಲಾ ಮುಂದಿನ ಲೆಕ್ಕ

ಹೊಲ ಉಳುವವನಿಗೂ ಎರಡು ಮುದ್ದೆ, ಬೆಳಗಿನಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂತವನಿಗೂ ಎರಡು ಮುದ್ದೆ! ತಪ್ಪು ಮುದ್ದೆಯದಲ್ಲ, ಕೂತದ್ದರದ್ದು. ಅದರ ಮೇಲೆ ಬಂದವರ ಜೊತೆ ಒಂದೊಂದು ಅಂತ ದಿನಕ್ಕೆ ಆರು ಟೀ. ಟೀಗೆ ಎರಡು ಚಮಚ ಸಕ್ಕರೆ ಅಂದರೂ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 50 ಗ್ರಾಂ ಒಳಗಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ, ಸಕ್ಕರೆಯ ಎರಡು ಪಟ್ಟಿಗೂ ಜಾಸ್ತಿ.

ಹೊಸದುರ್ಗ, ಹೊಳಲ್ಕೆರೆಯಿಂದ ದಿನಾ ದುರ್ಗಕ್ಕೆ ಓಡಾಡೋರ ಪಾಡೂ ಇದೇ. ಬಸ್ಸಲ್ಲೂ ಕೂರೋದು, ಆಫೀಸಲ್ಲೂ ಕೂರೋದು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೀಬೇಕು. ಬೆಳಿಗ್ಗೆ ಒಂದು ಸ್ಟಾಪು ಮೊದಲೇ ಇಳಿದು, ಸಂಜೆ ಆಟೋ ಹತ್ತದೆ ಬಸ್‌ಸ್ಟ್ಯಾಂಡಿಗೆ ನಡೆದರೆ ಬಹಳಷ್ಟು ಬಾಕಿ ಚುಕ್ತಾ.

ಟೇಪು ಹಿಡಿಯಿರಿ

ಮೊದಲ ಪರೀಕ್ಷೆಗೆ ಟೈಲರ್ ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಪ್ಯಾಂಟಿನ ಸೈಜು ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೀರಿ! ಗೆರೆ ದಾಟಿದವರು ಸರ್ಕಾರಿ ಆಸ್ಪತ್ರೆಗೆ ಹೋಗಲಿ. 30 ವರ್ಷ ಮೀರಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಪುಕ್ಕಟೆ. ಥೈರಾಯ್ಡ್ ತೊಂದರೆಯಿಂದಲೂ, ಕೆಲವು ಮಾತ್ರೆಗಳಿಂದಲೂ ತೂಕ ಏರೋದುಂಟು. ಅದನ್ನು ಹೇಳಬೇಕಾದವರು ಡಾಕ್ಟರು, ಪಕ್ಕದ ಅಂಗಡಿಯವರಲ್ಲ.

ಅಡ್ಡದಾರಿ ಬೇಡ. ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದವು. ಡಾಕ್ಟರ ಚೀಟಿ ಇಲ್ಲದೆ ಅವನ್ನು ಮುಟ್ಟಬಾರದು. ನಿಲ್ಲಿಸಿದರೆ ತೂಕ ಮತ್ತೆ ಏರಬಹುದು. ಇನ್ನು ಕೊಬ್ಬು ತೆಗೆಸೋ ಆಪರೇಷನ್ ಬೊಜ್ಜಿಗೆ ಚಿಕಿತ್ಸೆಯೇ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಅಂಥ ಆಪರೇಷನ್ ಆದ ಮೇಲೆ ತೀರಿಕೊಂಡದ್ದು ನೆನಪಿರಲಿ.

80 ಕೆ.ಜಿ. ತೂಗುವವರು ನಾಲ್ಕೇ ಕೆ.ಜಿ. ಇಳಿಸಿದರೂ ಬಿಪಿ, ಸಕ್ಕರೆ ಹತೋಟಿಗೆ ಅನುಕೂಲ. ನಾಳೆಯಿಂದ ಆರು ಟೀ ಮೂರಾಗಲಿ, ಎರಡು ಚಮಚ ಒಂದಾಗಲಿ. 60 ಗ್ರಾಂ ಸಕ್ಕರೆ 15ಕ್ಕೆ ಇಳಿಯುತ್ತೆ. ಇದಕ್ಕೆ ಯಾರ ಚೀಟಿಯೂ ಬೇಡ.