ಪರ್ಸೆಂಟ್ ಲೆಕ್ಕ ಯಂತ್ರಕ್ಕೆ ಬಿಡಿ, ಸೆಕೆ ನೀವು ನೋಡಿಕೊಳ್ಳಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದರೆ ಅದರ ಹಿಂದೆಯೇ ಬುದ್ಧಿಮಾತುಗಳೂ ಬರುತ್ತವೆ. ಮೊದಲ ದಿನ ಎಂಟು ಗಂಟೆ ಚಾರ್ಜಿಗೆ ಹಾಕಿದ ಮೇಲೆಯೇ ಆನ್ ಮಾಡಬೇಕು, ನೂರು ತೋರಿಸಿದ ತಕ್ಷಣ ಪಿನ್ ಕಿತ್ತುಬಿಡಬೇಕು, ಪೂರ್ತಿ ಖಾಲಿಯಾಗುವ ತನಕ ಮತ್ತೆ ಹಾಕಬಾರದು, ಚಾರ್ಜಿನಲ್ಲಿಟ್ಟು ಕೆಲಸ ಮಾಡಿದರೆ ಬ್ಯಾಟರಿ ಹಾಳಾಗುತ್ತದೆ. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿಗೆ ಮಕ್ಕಳನ್ನು ಸೇರಿಸಿ, ಅಲ್ಲಿ ಇಲ್ಲಿ ಹೊಂದಿಸಿ ಲ್ಯಾಪ್‌ಟಾಪ್ ಕೊಡಿಸಿದ ಮನೆಯವರು ಇಂಥ ಮಾತುಗಳಿಗೆ ಹೆದರುವುದು ಸಹಜ. ಆದರೆ ಇವುಗಳಲ್ಲಿ ಹೆಚ್ಚಿನವು ಇಂದಿನ ಬ್ಯಾಟರಿಗೆ ಸಂಬಂಧಿಸಿದವೇ ಅಲ್ಲ. ಸಂಬಂಧಿಸಿದ ಒಂದೆರಡನ್ನು ಲ್ಯಾಪ್‌ಟಾಪ್ ತಾನೇ ಪಾಲಿಸಬಲ್ಲದು. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯವರು ನಿಜವಾಗಿ ಗಮನ ಕೊಡಬೇಕಾದದ್ದು ಸೆಕೆಗೆ, ಮತ್ತು ಅದರ ಮಾತನ್ನೇ ಯಾರೂ ಆಡುವುದಿಲ್ಲ.

ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕೆಂಬ ಸಲಹೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅವು ಆ ಅರ್ಧವನ್ನೇ ತಮ್ಮ ಪೂರ್ಣ ಸಾಮರ್ಥ್ಯವೆಂಬಂತೆ ವರ್ತಿಸುತ್ತಿದ್ದುದುಂಟು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಆ ದೋಷವಿಲ್ಲ. ಅದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬ್ಯಾಟರಿಯ ಜಾತಿ ಬದಲಾಗಿ ಮೂರು ದಶಕ ಕಳೆದರೂ ಹಳೆಯ ಉಪದೇಶ ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ಲಿಥಿಯಂ ಬ್ಯಾಟರಿಗೆ ಅದು ತಿರುಗುಮುರುಗು ಕೂಡ: ಪದೇ ಪದೇ ಸೊನ್ನೆಗೆ ಇಳಿಸುವುದೇ ಅದಕ್ಕೆ ಶ್ರಮ, ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ತುಂಬಿಸುವುದು ಹಿತ. ಇನ್ನು ಮೊದಲ ದಿನದ ಎಂಟು ಗಂಟೆಯ ಶಾಸ್ತ್ರಕ್ಕೆ ಈಗ ಯಾವ ಅರ್ಥವೂ ಇಲ್ಲ.

ಹಾಗಾದರೆ ಬ್ಯಾಟರಿ ಸವೆಯುವುದು ಹೇಗೆ? ಎರಡು ದಾರಿಗಳಿವೆ. ಬಳಸಿದಷ್ಟೂ ಸವೆಯುವುದು ಒಂದು. ತಯಾರಕರು ಇದನ್ನು ಸೈಕಲ್ ಲೆಕ್ಕದಲ್ಲಿ ಹೇಳುತ್ತಾರೆ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡು ದಿನಕ್ಕೆ ಸೇರಿ ಒಂದು ಸೈಕಲ್. ಚಾರ್ಜಿಗೆ ಎಷ್ಟು ಸಲ ಹಾಕಿದಿರಿ ಎಂಬುದು ಲೆಕ್ಕಕ್ಕಿಲ್ಲ. ಎರಡನೆಯದು ಸುಮ್ಮನೆ ಇಟ್ಟರೂ ಆಗುವ ಸವೆತ, ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದೇ. ಮಂಡ್ಯದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಡಿದ ಕಬ್ಬು ಕಾರ್ಖಾನೆಯ ಮುಂದೆ ಕಾಯುತ್ತ ನಿಂತರೆ ಯಾರೂ ಮುಟ್ಟದಿದ್ದರೂ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ, ಬಿಸಿಲು ಹೆಚ್ಚಿದ್ದರೆ ಬೇಗ ಕಳೆದುಕೊಳ್ಳುತ್ತದೆ. ಬ್ಯಾಟರಿಯ ಒಳಗೂ ಬಳಸಲಿ ಬಿಡಲಿ ಬೇಡದ ರಾಸಾಯನಿಕ ಕ್ರಿಯೆಗಳು ನಿಧಾನವಾಗಿ ನಡೆಯುತ್ತಲೇ ಇರುತ್ತವೆ. ಅವುಗಳನ್ನು ಚುರುಕುಗೊಳಿಸುವುದು ಶಾಖ ಮತ್ತು ಪೂರ್ತಿ ತುಂಬಿದ ಸ್ಥಿತಿ. ಬ್ಯಾಟರಿ ಪರೀಕ್ಷಿಸುವ ಸಲಕರಣೆ ತಯಾರಿಸುವ ಕೆನಡಾದ ಕ್ಯಾಡೆಕ್ಸ್ ಕಂಪನಿ ಪ್ರಕಟಿಸಿರುವ ಅಂಕಿಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 40 ಪರ್ಸೆಂಟ್ ಚಾರ್ಜಿನಲ್ಲಿ, 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿಯಲ್ಲಿ ಶೇ 96ರಷ್ಟು ಸಾಮರ್ಥ್ಯ ಉಳಿಯುತ್ತದೆ. ಅದೇ ಉಷ್ಣತೆಯಲ್ಲಿ ಪೂರ್ತಿ ತುಂಬಿಸಿಟ್ಟರೆ ಶೇ 80. ಉಷ್ಣತೆ 40 ಡಿಗ್ರಿಯಾದರೆ ಮೊದಲನೆಯದು ಶೇ 85ಕ್ಕೆ, ಎರಡನೆಯದು ಶೇ 65ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಬ್ಯಾಟರಿಗೆ ಅಂಕಿ ವ್ಯತ್ಯಾಸವಾದೀತು, ಆದರೆ ದಿಕ್ಕು ಇದೇ.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ. ಪೂರ್ತಿ ತುಂಬಿಸಿಡುವುದರಿಂದ ಇಷ್ಟು ನಷ್ಟವಿದ್ದರೆ, ನೂರಾದ ತಕ್ಷಣ ಪಿನ್ ಕೀಳಬೇಕೆಂದವರ ಮಾತು ಸರಿಯೇ ಅಲ್ಲವೇ? ಅರ್ಧ ಸರಿ. ಲ್ಯಾಪ್‌ಟಾಪ್ ತುಂಬಿದ ಮೇಲೆ ತಾನಾಗಿ ಚಾರ್ಜ್ ನಿಲ್ಲಿಸುತ್ತದೆ, ಹೆಚ್ಚಾಗಿ ತುಂಬಿ ಕೆಡುವ ಭಯವಿಲ್ಲ. ಕೆಡುಕು ಇರುವುದು ತಿಂಗಳುಗಟ್ಟಲೆ ನೂರರಲ್ಲೇ, ಬಿಸಿಯಲ್ಲೇ ಕೂತಿರುವುದರಲ್ಲಿ. ಇದಕ್ಕೆ ಮನುಷ್ಯ ಕಾವಲು ಕೂರಬೇಕಾಗಿಲ್ಲ. ಲೆನೊವೊ, ಏಸುಸ್, ಡೆಲ್ ಮುಂತಾದ ಕಂಪನಿಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು 80ರ ಸುಮಾರಿಗೆ ನಿಲ್ಲಿಸುವ ಸೆಟ್ಟಿಂಗ್ ಇದೆ. ಆಪಲ್ ಕಂಪನಿ 2020ರಿಂದ ತನ್ನ ಮ್ಯಾಕ್‌ಬುಕ್‌ಗಳಲ್ಲಿ ಬಳಕೆಯ ರೂಢಿ ನೋಡಿಕೊಂಡು ಚಾರ್ಜ್ ಹೊಂದಿಸುವ ವ್ಯವಸ್ಥೆ ಕೊಟ್ಟಿದೆ. ಕಂಪನಿಯ ಆ್ಯಪ್‌ನಲ್ಲೋ ಸೆಟ್ಟಿಂಗ್ಸ್‌ನಲ್ಲೋ ಅದನ್ನು ಹುಡುಕಿ ಒಮ್ಮೆ ಆನ್ ಮಾಡಿದರೆ ಪಿನ್ ಹಾಕಿಕೊಂಡೇ ದಿನವಿಡೀ ಕೆಲಸ ಮಾಡಬಹುದು. ಕೆಲವು ಲ್ಯಾಪ್‌ಟಾಪ್‌ಗಳು 60ರ ಮಿತಿಯನ್ನೂ ಕೊಡುತ್ತವೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಇನ್ನೂ ಒಳ್ಳೆಯದು. ಆದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ 80ನ್ನೇ ನಾನು ಆರಿಸುತ್ತೇನೆ. ಬ್ಯಾಟರಿ ಇರುವುದು ನಮ್ಮ ಕೆಲಸ ನಡೆಯಲಿ ಎಂದು. ಬೆಳಿಗ್ಗೆ ಮದ್ದೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು, ಆನ್‌ಲೈನ್ ಪರೀಕ್ಷೆಯೋ ಇಂಟರ್‌ವ್ಯೂವೋ ಇರುವವರು ಹಿಂದಿನ ರಾತ್ರಿ ಮಿತಿ ತೆಗೆದು ನೂರು ತುಂಬಿಸಿಕೊಳ್ಳಲಿ. ಒಂದು ರಾತ್ರಿಗೆ ಏನೂ ಆಗುವುದಿಲ್ಲ.

ಶಾಖದ ವಿಷಯದಲ್ಲಿ ಮಾತ್ರ ಇಂಥ ಗುಂಡಿ ಇಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 35 ಡಿಗ್ರಿ ದಾಟುವುದು ಹೊಸದೇನಲ್ಲ, ಶೀಟ್ ಹೊದಿಸಿದ ಮನೆಯೊಳಗೆ ಅದಕ್ಕಿಂತ ಹೆಚ್ಚು. ಆ ಕೋಣೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟರೆ ಅಡಿಯಲ್ಲಿರುವ ಗಾಳಿಯ ಕಿಂಡಿಗಳು ಮುಚ್ಚಿ, ಒಳಗಿನ ಬಿಸಿ ಬ್ಯಾಟರಿಯನ್ನೇ ಬೇಯಿಸುತ್ತದೆ. ಗಟ್ಟಿ ಮೇಜು, ಅದಿಲ್ಲದಿದ್ದರೆ ಒಂದು ಮರದ ಹಲಗೆ ಸಾಕು. ಸ್ಟೇಷನ್ ಹತ್ತಿರವೋ ಹೆದ್ದಾರಿಯ ಹೋಟೆಲ್ ಮುಂದೋ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪ್ ಬಿಟ್ಟು ಹೋಗುವುದು ಇನ್ನೂ ಕೆಟ್ಟದ್ದು. ಗಾಜು ಮುಚ್ಚಿದ ಕಾರಿನ ಒಳಗು ಹೊರಗಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆನ್ ಇರುವಾಗಲೇ ಮುಚ್ಚಿ ಬ್ಯಾಗಿಗೆ ತುರುಕುವ ಅಭ್ಯಾಸವೂ ಹೀಗೆಯೇ. ಒಳಗೆ ಅದು ಮಲಗಿರದೆ ಕೆಲಸ ಮಾಡುತ್ತಿದ್ದರೆ ಮಳವಳ್ಳಿ ಬಸ್ ಇಳಿಯುವಷ್ಟರಲ್ಲಿ ಕೈಗೆ ಸುಡುವಷ್ಟು ಬಿಸಿಯಾಗಿರುತ್ತದೆ.

ಕರೆಂಟಿನ ಏರಿಳಿತದಿಂದ ಬ್ಯಾಟರಿ ಕೆಡುವುದಿಲ್ಲವೇ ಎಂಬುದು ಹಳ್ಳಿಗಳಲ್ಲಿ ಕೇಳಿಬರುವ ಪ್ರಶ್ನೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆದರೂ ಅದೇ ತಾಲ್ಲೂಕಿನ ಮನೆಗಳಲ್ಲಿ ಸಂಜೆ ಬಲ್ಬು ಮಂಕಾಗುವುದು ತಪ್ಪಿಲ್ಲ ಎನ್ನುವುದು ನೋವಿನ ಸಂಗತಿ. ಲ್ಯಾಪ್‌ಟಾಪಿನ ಮಟ್ಟಿಗೆ ಸಮಾಧಾನವಿದೆ. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿ: ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಮನೆಯ 230 ವೋಲ್ಟ್ ಸಾಕಷ್ಟು ಕುಸಿದರೂ ಅದು ಬ್ಯಾಟರಿಗೆ ಬೇಕಾದಷ್ಟನ್ನೇ ಹದವಾಗಿ ಕೊಡುತ್ತದೆ. ಪ್ರತ್ಯೇಕ ಸ್ಟೆಬಿಲೈಸರ್ ಬೇಡ. ಗುಡುಗು-ಸಿಡಿಲಿನ ಮುಂಗಾರುಪೂರ್ವ ಮಳೆಯಲ್ಲಿ ಪ್ಲಗ್ ಕಿತ್ತಿಡುವುದು ಮಾತ್ರ ಒಳ್ಳೆಯದು, ಬ್ಯಾಟರಿಗಿಂತ ಹೆಚ್ಚಾಗಿ ಅಡಾಪ್ಟರಿನ ರಕ್ಷಣೆಗೆ.

ಹೇಗಿದ್ದರೂ ಮೂರು-ನಾಲ್ಕು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಆಗ ಹೊಸದು ಹಾಕಿಸಿದರಾಯಿತು, ಇಷ್ಟಾದರೂ ಕಾಳಜಿ ಯಾಕೆ ಎನ್ನುವವರಿದ್ದಾರೆ. ದುಡ್ಡಿನ ಲೆಕ್ಕದಲ್ಲಿ ಅವರ ಮಾತಿಗೆ ತೂಕವಿದೆ, ಮತ್ತು ಗಾಬರಿ ಬೇಡ ಎನ್ನುವುದಕ್ಕೆ ಅದೇ ದೊಡ್ಡ ಕಾರಣ. ಆದರೆ ಬ್ಯಾಟರಿಯ ಒಳಗಿನ ವಸ್ತು ಅಷ್ಟು ಸುಲಭವಾಗಿ ಸಿಗುವುದಲ್ಲ. ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ ಪ್ರದೇಶದ ಬಂಡೆಗಳಲ್ಲಿ ಲಿಥಿಯಂ ಇದೆ ಎಂದಾಗ ದೇಶವೇ ಇತ್ತ ತಿರುಗಿ ನೋಡಿತು. ಮೊದಲು ಹದಿನಾಲ್ಕು ಸಾವಿರ ಟನ್ ಎಂಬ ಸುದ್ದಿ ಹಬ್ಬಿತ್ತು. ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು ನಿಂತದ್ದು 1,600 ಟನ್‌ಗೆ. ಅದನ್ನು ನೆಲದಿಂದ ತೆಗೆಯುವುದಕ್ಕೆ ಬಂಡೆ ಒಡೆಯಬೇಕು, ನೀರು ಬೇಕು, ಕಾವೇರಿ ಬಯಲಿನ ಊರುಗಳ ಪಕ್ಕದಲ್ಲೇ ಆಗಬೇಕು. ಎರಡು ವರ್ಷಕ್ಕೆ ಸಾಯುವ ಬ್ಯಾಟರಿಯನ್ನು ನಾಲ್ಕು ವರ್ಷ ಬಾಳಿಸುವುದಕ್ಕೆ ಇಷ್ಟು ಕಾರಣ ಸಾಕು.

ಇನ್ನೊಂದು ವಿಷಯದಲ್ಲಿ ಮಾತ್ರ ಆತಂಕ ಇರಲೇಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ತಳ ಉಬ್ಬಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿದೆ ಎಂದೇ ತಿಳಿಯಬೇಕು. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು; ಬೆಂಕಿ ಹೊತ್ತಿಕೊಳ್ಳಬಹುದು. ಬದಲಿಸುವಾಗ ಅಗ್ಗದ ನಕಲಿ ಬ್ಯಾಟರಿಗೆ ಮರುಳಾಗದೆ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಿ, ಹಳೆಯದನ್ನೂ ಅಲ್ಲೇ ಕೊಡಿ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದ್ದು. ನಾಲೆಯ ಏರಿಯ ಮೇಲಿನ ಕಸದ ರಾಶಿಗೆ ಅದು ಸೇರಬಾರದು.